ವಾಹಿದ್ ಭಾಯಿಯ ಬಲಮಂಡಿ

ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ನಮ್ಮ ಬೆಳ್ಳುಳ್ಳಿ ಊರು ಗಿಲ್‌ರಾಯ್‌ನಿಂದ ಸ್ಯಾನ್ ಹೋಸೆಗೆ ಬೆಳಿಗ್ಗೆ ಆರಕ್ಕೆ ಹೊರಟರೆ ನಲವತ್ತೈದು ನಿಮಿಷ, ಏಳಕ್ಕೆ ಹೊರಟರೆ ಒಂದೂಕಾಲು ಗಂಟೆ. ಕಾರಿನಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನು ಸಿಗುತ್ತದೆ. ನಾನೂ ವಾಹಿದ್ ಭಾಯಿಯೂ ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಓಡಾಡಿದ್ದಕ್ಕೆ ಮೊದಲ ಕಾರಣ ಇಷ್ಟೇ. ಸ್ನೇಹಗೀಹ ಎಲ್ಲ ಆಮೇಲೆ ಬಂದದ್ದು. ನಾನು ಶೇಷಗಿರಿ, ಕೌಂಟಿಯ ರಸ್ತೆ ಇಲಾಖೆಯಲ್ಲಿ ನಕ್ಷೆ ತಿದ್ದುವವನು. ಅವರು ನಮ್ಮ ಬೀದಿಯ ಕೊನೆಯ ಮನೆಯವರು, ಸ್ಯಾನ್ ಹೋಸೆಯ ಐಸ್ ರಿಂಕಿನಲ್ಲಿ ಹಾಕಿ ಆಟಗಾರರ ಸ್ಕೇಟುಗಳಿಗೆ ಸಾಣೆ ಹಿಡಿಯುವವರು.

ಈ ಹನ್ನೊಂದು ವರ್ಷವೂ ಕಾರು ಓಡಿಸಿದವನು ನಾನೇ. ವಾಹಿದ್ ಭಾಯಿಗೆ ಬಲಮಂಡಿ ಸರಿಯಿಲ್ಲ, ಪೆಡಲಿನ ಮೇಲೆ ಹೆಚ್ಚು ಹೊತ್ತು ಕಾಲಿಟ್ಟು ಕೂರಲಾಗದು ಎಂದು ಮೊದಲ ದಿನವೇ ಹೇಳಿದ್ದರು. ಕುಂಟುತ್ತ ಬಂದು, ಪಕ್ಕದ ಸೀಟಿನಲ್ಲಿ ಕೂತು, ಮಂಡಿಯ ಮೇಲೊಂದು ಕೈಯಿಟ್ಟು, "ಹೊರಡೋಣ ಗಿರಿಯವ್ರೇ" ಎನ್ನುವರು. ಟ್ರಾಫಿಕ್ಕಿಗೆ ಬೈಯುವುದು ನನ್ನ ಪಾಲು, ಕಣ್ಣು ಮುಚ್ಚಿ ತಸ್ಬೀಹ್ ಮಣಿ ಎಣಿಸುವುದು ಅವರ ಪಾಲು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಮಂಡಿನೋವಿನ ಮನುಷ್ಯನ ಮೇಲೆ ಹೇಗೆ ರೇಗುವುದು?

ಆ ಮಂಡಿಯ ಕಥೆ ನಮ್ಮ ಬೀದಿಗೆಲ್ಲ ಗೊತ್ತಿತ್ತು. ವಾಹಿದ್ ಭಾಯಿ ಬೆಂಗಳೂರಿನ ಶಿವಾಜಿನಗರದವರು. ಅವರ ಅಪ್ಪ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿ ಬೀದಿ ತಿರುಗಿ ಚಾಕು, ಕತ್ತರಿ ಹರಿತ ಮಾಡಿಕೊಡುತ್ತಿದ್ದರು. ಮಗ ಹಾಕಿ ಆಡುತ್ತಿದ್ದ. ಈ ಹಿಮದ ಹಾಕಿಯಲ್ಲ, ನಮ್ಮ ಹಾಕಿ, ಮಣ್ಣಿನ ಮೈದಾನದ್ದು. ಇಪ್ಪತ್ತೊಂದನೆಯ ವಯಸ್ಸಿಗೆ ಉತ್ತರ ಪ್ರದೇಶದಲ್ಲಿ ಒಂದು ಸರ್ಕಾರಿ ಇಲಾಖೆಯ ತಂಡದಿಂದ ಕರೆ ಬಂತು. ಮೊದಲು ಅವರ ಎರಡನೇ ತಂಡದಲ್ಲಿ ಆಡಬೇಕು, ಆಟ ಹಿಡಿಸಿದರೆ ಮೇಲಿನ ತಂಡಕ್ಕೆ ಬಡ್ತಿ, ಜೊತೆಗೆ ಕಾಯಂ ನೌಕರಿ. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡವೂ "ಇಲ್ಲೇ ಇರಪ್ಪ, ನಮ್ಮಲ್ಲಿ ಆಡು" ಎಂದು ಕರೆದಿತ್ತು. ವಾಹಿದ್ ದೂರದ್ದನ್ನೇ ಆರಿಸಿಕೊಂಡು ಹೋದ, ಮೂರೇ ತಿಂಗಳಲ್ಲಿ ಮಂಡಿ ತಿರುಚಿಕೊಂಡು ವಾಪಸು ಬಂದ. ಅಲ್ಲಿಗೆ ಆಟ ಮುಗಿಯಿತು. ಆ ಮಂಡಿಯೊಂದು ನೆಟ್ಟಗಿದ್ದಿದ್ದರೆ ಇಂಡಿಯಾ ತಂಡಕ್ಕೆ ಆಡುತ್ತಿದ್ದ ಎಂದು ಶಿವಾಜಿನಗರದಲ್ಲಿ ಇವತ್ತಿಗೂ ಹೇಳುವವರಿದ್ದಾರಂತೆ.

ಮೊದಲೇ ಇಲ್ಲಿಗೆ ಬಂದಿದ್ದ ತಂಗಿ ಮೆಹ್ರೀನ್ ವೀಸಾಕ್ಕೆ ಅರ್ಜಿ ಹಾಕಿ ಕರೆಸಿಕೊಂಡ ಮೇಲೆ ವಾಹಿದ್ ಭಾಯಿ ಏಳು ವರ್ಷ ಇಲ್ಲಿನ ಬೆಳ್ಳುಳ್ಳಿ ಕಾರ್ಖಾನೆಯಲ್ಲಿ ದುಡಿದರು. ಒಮ್ಮೆ ಮಗ ಶಾರೀಕನ ಗೆಳೆಯನ ಬರ್ತ್‌ಡೇ ಪಾರ್ಟಿಗೆಂದು ರಿಂಕಿಗೆ ಹೋದವರು, ಅಲ್ಲಿ ಯಾರೋ ಸ್ಕೇಟಿಗೆ ಸಾಣೆ ಹಿಡಿಯುವ ಸದ್ದು ಕೇಳಿ ನಿಂತುಬಿಟ್ಟರು. ಕಬ್ಬಿಣ ಅಳುತ್ತಿತ್ತು ಎನ್ನುತ್ತಾರೆ. "ಕೊಡಿ ಇಲ್ಲಿ" ಎಂದು ಕೇಳಿ, ಸ್ಕೇಟನ್ನು ಚಕ್ರಕ್ಕೆ ಹಿಡಿದು ಎರಡು ಸಲ ಎಳೆದುಕೊಟ್ಟರು. ಮುಂದಿನ ವಾರ ರಿಂಕಿನವರೇ ಫೋನು ಮಾಡಿದರು. ಅಪ್ಪನ ಕಸುಬು ಬೇಡವೆಂದು ಹಾಕಿ ಹಿಡಿದ ಹುಡುಗನಿಗೆ ಕೊನೆಗೆ ಅಪ್ಪನ ಕಸುಬೇ ಹಾಕಿಯ ಬಾಗಿಲು ತೆರೆಯಿತು.

ಆ ಕೆಲಸದಲ್ಲಿ ಅವರಿಗೆ ಸಮನಾದವರು ಆ ರಿಂಕಿನಲ್ಲಿಲ್ಲ. ಸ್ಕೇಟಿನ ಬ್ಲೇಡು ಚಾಕುವಿನ ಹಾಗಲ್ಲ. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು, ಆಚೆಗೊಂದು ಈಚೆಗೊಂದು ಅಂಚು. ಒಳಗಿನ ಅಂಚನ್ನು ಒತ್ತಿ ಆಟಗಾರ ತನ್ನನ್ನು ಮುಂದಕ್ಕೆ ನೂಕಿಕೊಳ್ಳುತ್ತಾನೆ. ವಾಹಿದ್ ಭಾಯಿ ಆ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, "ಇವನಿಗೆ ಎಡಗಡೆ ತಿರುಗೋಕೆ ಭಯ" ಎಂದೋ, "ಇವನು ನಿನ್ನೆ ಸರಿಯಾಗಿ ಪ್ರಾಕ್ಟೀಸ್ ಮಾಡಿಲ್ಲ" ಎಂದೋ ಹೇಳಿಬಿಡುವರು. ಆಟಗಾರರು ಬೇಕಾದರೆ ಕೋಚಿಗೆ ಸುಳ್ಳು ಹೇಳುತ್ತಿದ್ದರು, ಇವರಿಗೆ ಹೇಳುತ್ತಿರಲಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ನಮ್ಮ ಕಾರಿಗೆ ಮೂರನೆಯವನೊಬ್ಬ ಬಂದ. ಹೆಸರು ಯೂಸೊ, ಫಿನ್ಲೆಂಡಿನವನು, ವಯಸ್ಸು ಇಪ್ಪತ್ತು, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಸ್ಯಾನ್ ಹೋಸೆಯಲ್ಲಿ ಟೀವಿಯಲ್ಲಿ ಬರುವ ದೊಡ್ಡ ತಂಡದ ಕೆಳಗೆ, ಹುಡುಗರನ್ನು ಪಳಗಿಸಲೆಂದೇ ಇನ್ನೊಂದು ತಂಡವಿದೆ. ಯೂಸೊ ಅದಕ್ಕೆ ಆಡಲು ಬಂದವನು. ಜೊತೆಯ ಹುಡುಗ ಬೇರೆ ಊರಿಗೆ ಹೋದಮೇಲೆ ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ, ಮೂರು ಹೊತ್ತೂ ಸೀರಿಯಲ್ ತಿಂದುಕೊಂಡಿದ್ದ. ಅದನ್ನು ಕೇಳಿ ವಾಹಿದ್ ಭಾಯಿ ಒಂದು ರಾತ್ರಿ ಊಟಕ್ಕೆಂದು ಮನೆಗೆ ಕರೆತಂದರು. ಅವರ ಹೆಂಡತಿ, ಧಾರವಾಡದ ಇಸ್ಮತ್ ಭಾಭಿ, ಜೋಳದ ರೊಟ್ಟಿ ಬಡಿದು ಹಾಕಿದರು. ಹುಡುಗ ನಾಲ್ಕನೆಯ ರೊಟ್ಟಿಗೆ ಕೈಯಿಟ್ಟು, ತಮ್ಮಜ್ಜಿಯೂ ಹೀಗೇ ಒಣರೊಟ್ಟಿ ಮಾಡುತ್ತಾಳೆ ಎಂದನಂತೆ. ಭಾಭಿಗೆ ಅಷ್ಟು ಸಾಕಾಯಿತು. ಶಾರೀಕ್ ಮೆನ್ಲೋ ಪಾರ್ಕಿನಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ ಮೇಲೆ ಖಾಲಿ ಬಿದ್ದಿದ್ದ ಕೋಣೆಗೆ ಹೊಸ ಹಾಸಿಗೆ ಬಂತು. ಯೂಸೊ ಅವರ ಬಾಯಲ್ಲಿ ಯೂಸುಫ್ ಆದ.

ಆ ಮನೆಯಲ್ಲಿ ಊಟದ ಜೊತೆ ಮಂಡಿಯ ಕಥೆಯನ್ನೂ ಬಡಿಸುವುದು ವಾಡಿಕೆ. ಹೊಸಬರು ಯಾರೇ ಬರಲಿ, ಭಾಭಿ ಹೇಳಿಯೇ ಹೇಳುವರು. ಪ್ರತಿ ಚಳಿಗಾಲ ಎಳ್ಳೆಣ್ಣೆಗೆ ಗಿಲ್‌ರಾಯ್ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಾಯಿಸಿ, ಗಂಡನ ಮಂಡಿಗೆ ತಿಕ್ಕುವುದು ಅವರ ನೇಮ. "ಇಷ್ಟು ಬ್ಯಾನಿ ಇದ್ರೂ ಒಂದು ದಿನ ಖುರ್ಚಿ ಮ್ಯಾಲೆ ಕುಂತು ನಮಾಜ್ ಮಾಡಿದವ್ರಲ್ರೀ ಇವ್ರು. ನೆಲದ ಮ್ಯಾಲೇ ಮಣಕಾಲೂರಿ ಮಾಡ್ತಾರ" ಎಂದು ಹೇಳುವಾಗ ಅವರ ಮುಖದಲ್ಲಿ ಬೆಳಕಿರುತ್ತಿತ್ತು. ವಾಹಿದ್ ಭಾಯಿ ಆಗೆಲ್ಲ ತಟ್ಟೆ ನೋಡುತ್ತಿದ್ದರು. ವಿನಯ ಎಂದುಕೊಂಡಿದ್ದೆ.

ನಾನೂ ಸುಮ್ಮನಿರುವ ಪೈಕಿಯಲ್ಲ. ನವೆಂಬರಿನ ಒಂದು ಬೆಳಿಗ್ಗೆ ಮಾರ್ಗನ್ ಹಿಲ್ ಹತ್ತಿರ ಅಪಘಾತವಾಗಿ ಫ್ರೀವೇ ನಿಂತುಹೋದಾಗ, ಹೊತ್ತು ಹೋಗಲೆಂದು ಆ ಕಥೆಯನ್ನು ಹುಡುಗನಿಗೆ ಉಪ್ಪುಖಾರ ಹಚ್ಚಿ ಹೇಳಿದೆ. ಸೋತು ವಾಪಸು ಬಂದವನನ್ನು ಊರು ಆಡಿಕೊಳ್ಳುತ್ತದೆ, ಆದರೆ ಮಂಡಿ ಮುರಿದುಕೊಂಡು ಬಂದವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತದೆ ಎಂದು ನನ್ನದೊಂದು ತತ್ವವನ್ನೂ ಸೇರಿಸಿದೆ. ಹುಡುಗ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, "ನಿಜವಾಗಲೂ?" ಎಂದು ಕೇಳಿದ. "ನಿಜವಾಗಲೂ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆ ನನಗೆ ಯಾವಾಗಲೂ ಮಾತು ಆಡಿಯಾದ ಮೇಲೆಯೇ ನೆನಪಾಗುವುದು.

ಯೂಸೊನ ಆಟ ಕುದುರಲಿಲ್ಲ. ಹತ್ತು ಪಂದ್ಯಗಳಲ್ಲಿ ಏಳು ಬೆಂಚಿನ ಮೇಲೆಯೇ ಕಳೆದ. ರಾತ್ರಿ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುವಾಗ ನಗುತ್ತಾನೆ, ಇಟ್ಟ ಮೇಲೆ ಕಣ್ಣು ಕೆಂಪಾಗಿರುತ್ತದೆ ಎಂದು ಭಾಭಿ ಹೇಳುತ್ತಿದ್ದರು. ಜನವರಿಯ ಎರಡನೆಯ ಸೋಮವಾರ ಕೋಚು ಅವನನ್ನು ಕರೆದು ಎರಡು ದಾರಿ ಮುಂದಿಟ್ಟರು. ಒಂದು, ಇನ್ನೂ ಕೆಳಗಿನ ಲೀಗಿಗೆ ಹೋಗುವುದು. ಓಕ್ಲಹೋಮಾ ಕಡೆಯ ಯಾವುದೋ ಊರು, ಹತ್ತು ಹನ್ನೆರಡು ಗಂಟೆ ಬಸ್ಸಿನ ಪ್ರಯಾಣ, ಆದರೆ ದಿನವೂ ಆಟ. ಇನ್ನೊಂದು, ಫಿನ್ಲೆಂಡಿನ ಅವನ ಊರಿನ ತಂಡಕ್ಕೇ ಈ ವರ್ಷದ ಮಟ್ಟಿಗೆ ಎರವಲು ಹೋಗುವುದು. ಅವರು ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಶುಕ್ರವಾರದೊಳಗೆ ಉತ್ತರ ಹೇಳಬೇಕು.

ಹುಡುಗನ ಮನಸ್ಸೆಲ್ಲ ಊರಲ್ಲಿತ್ತು, ಕುರುಡನಿಗೂ ಕಾಣುತ್ತಿತ್ತು. ಆದರೆ ಅವನನ್ನು ಕಳಿಸುವಾಗ ಊರಿನ ಗ್ರೋಸರಿ ಅಂಗಡಿಯ ಮೇಲೆ ಅವನ ಆಳೆತ್ತರದ ಚಿತ್ರ ಕಟ್ಟಿದ್ದರಂತೆ, ಅದನ್ನು ಇನ್ನೂ ಇಳಿಸಿರಲಿಲ್ಲ. ಅದರ ಕೆಳಗೆ ಹಾದು ಹಾಲು ತರಲು ಹೇಗೆ ಹೋಗುವುದು? ನಮ್ಮಲ್ಲೂ ಕೆಟ್ಟು ಪಟ್ಟಣ ಸೇರು ಎನ್ನುತ್ತಾರೆ. ಕೆಟ್ಟು ಊರು ಸೇರು ಎಂದು ಯಾರೂ ಹೇಳಿಲ್ಲ.

ಸೋಮವಾರ ಸಂಜೆಯೇ ಯೂಸೊ ಬಲಮಂಡಿ ಹಿಡಿದುಕೊಂಡು ಕುಂಟುತ್ತ ಮನೆಗೆ ಬಂದ. ಪ್ರಾಕ್ಟೀಸಿನಲ್ಲಿ ತಿರುಚಿತು ಎಂದ. ಗುರುವಾರ ತಂಡದ ಡಾಕ್ಟರಿಗೆ ತೋರಿಸುತ್ತೇನೆ, ಆಡಲಾಗದು ಎಂದು ಬರೆದುಕೊಟ್ಟರೆ ಮನೆಗೆ ಹೋಗಿ ವಾಸಿ ಮಾಡಿಕೊಳ್ಳುತ್ತೇನೆ ಎಂದ. ಭಾಭಿ ಹೌಹಾರಿ ಎಣ್ಣೆ ಕಾಯಿಸಿದರು. ಆವತ್ತಿನಿಂದ ಆ ಮನೆಯಲ್ಲಿ ಎರಡು ಬಟ್ಟಲು ಎಣ್ಣೆ, ಎರಡು ಬಲಮಂಡಿ.

ಬುಧವಾರ ಬೆಳಿಗ್ಗೆ ಕಾರಿನಲ್ಲಿ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಿಂದೆ ಒರಗಿದ್ದ. ವಾಹಿದ್ ಭಾಯಿ ತಸ್ಬೀಹ್ ಮುಟ್ಟಿರಲಿಲ್ಲ.

"ಗಿರಿಯವ್ರೇ, ಇವನ ಮಂಡಿಗೆ ಏನೂ ಆಗಿಲ್ಲ" ಎಂದರು.

"ನಿಮಗೆ ಹೇಗೆ ಗೊತ್ತು?"

"ನಿನ್ನೆ ಇವನ ಸ್ಕೇಟು ನೋಡ್ದೆ. ಬಲಮಂಡಿ ನೋವಿರೋನು ಬಲಗಾಲಲ್ಲಿ ನೂಕಲ್ಲ. ನೂಕದಿದ್ರೆ ಒಳಗಿನ ಅಂಚು ಸವೆಯಲ್ಲ. ಇವನದು ಎಡಗಾಲಿಗಿಂತ ಬಲಗಾಲೇ ಜಾಸ್ತಿ ಸವೆದಿದೆ. ಸೋಮವಾರ ಮಧ್ಯಾಹ್ನ, ಪ್ರಾಕ್ಟೀಸ್ ಮುಗಿದ ಮೇಲೆ, ಹೊಸದಾಗಿ ಸಾಣೆ ಹಿಡ್ದು ಕೊಟ್ಟಿದ್ದೀನಿ ನಾನು. ನಿನ್ನೆ ಒಬ್ನೇ ಹೋಗಿ ಆಡಿದಾನೆ, ಯಾರೂ ಇಲ್ಲದಾಗ."

ನನಗೆ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನಿಗೆ ಮಂಡಿ ಡೊಂಕು. "ಹಾಗಿದ್ರೆ ಮುಖದ ಮೇಲೆ ಹೇಳ್ಬಿಡಿ. ಪಾಪ, ಭಾಭಿ ಸುಮ್ನೆ ಎಣ್ಣೆ ತಿಕ್ತಿದ್ದಾರೆ."

"ಅವನು ಹೀಗೆ ಮಾಡಿದ್ರೆ ಎರಡೂ ಕಡೆ ಕಳ್ಕೊಳ್ತಾನೆ" ಎಂದರು ಅವರು, ನನ್ನ ಮಾತು ಕೇಳಿಸದವರಂತೆ. "ಮಂಡಿ ಕೆಟ್ಟಿದೆ ಅಂತ ಡಾಕ್ಟ್ರು ಬರೆದ್ರೆ ಊರಿನ ಟೀಮಿನೋರು ಯಾಕೆ ತಗೋತಾರೆ? ಜಾಗ ಬೇರೆಯವ್ನಿಗೆ ಕೊಡ್ತಾರೆ. ಇವನು ಮನೇಲಿ ಕೂತ್ಕೊಂಡು ಕಿಟಕಿಯಿಂದ ನೋಡ್ಬೇಕು."

"ಅದನ್ನೇ ಹೇಳಿ ಮತ್ತೆ."

"ನಾನು ಹೇಗೆ ಹೇಳ್ಲಿ?" ಎಂದರು. ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಅದೇ ಸಂಜೆ ವಾಪಸು ಬಂದಾಗ ಭಾಭಿ ಬಾಗಿಲಲ್ಲೇ ನಿಂತು, "ಬರ್ರಿ ಅಣ್ಣಾರ, ಚಾ ಕುಡದು ಹೋಗ್ರಿ" ಎಂದು ಕರೆದರು. ಅವರಲ್ಲಿ ಗಂಡ ಹೆಂಡತಿ ಮಾತಾಡುವುದು ಉರ್ದುವಿನಲ್ಲಿ. ನಾನಿದ್ದರೆ ಮರ್ಯಾದೆಗೆ ಕನ್ನಡಕ್ಕೆ ಬರುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಬಟ್ಟಲು ಬಿಸಿಯೆಣ್ಣೆ ಇತ್ತು, ಮನೆ ತುಂಬ ಬೆಳ್ಳುಳ್ಳಿ ವಾಸನೆ. ಯೂಸೊ ಪ್ಯಾಂಟು ಮಡಚಿ ಕುರ್ಚಿಯ ಮೇಲೆ ಕೂತಿದ್ದ. ಭಾಭಿ ಅವನೆದುರು ಕೆಳಗೆ ಕೂತು ಎಣ್ಣೆಗೆ ಬೆರಳದ್ದಿದರು.

"ಬಿಡು ಇಸ್ಮತ್" ಎಂದರು ವಾಹಿದ್ ಭಾಯಿ. "ಅವನ ಮಂಡಿಗೆ ಏನೂ ಆಗಿಲ್ಲ."

"ಯಾಕ್ರೀ ಹಂಗಂತೀರಿ? ಬ್ಯಾನಿ ತಿನ್ನೋರ್ಗೆ ಗೊತ್ತು ಬ್ಯಾನಿ. ನಿಮ್ಮ ಮಣಕಾಲಿಗೆ ಯಾರರ ಹಿಂಗ ಅಂದಿದ್ರ?"

"ನನ್ನ ಮಂಡಿಗೂ ಏನೂ ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ."

ನಾನೂ ಭಾಭಿಯೂ ಅವರನ್ನೇ ನೋಡಿದೆವು. ಅವರು ಕುರ್ಚಿ ಎಳೆದುಕೊಂಡು ಹುಡುಗನ ಎದುರು ಕೂತರು, ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದರು. ನಡುನಡುವೆ ಇಂಗ್ಲಿಷು ಸಾಲದೆ ಕನ್ನಡಕ್ಕೆ ಬರುತ್ತಿದ್ದರು, ಆಗ ನಾನು ಅವನಿಗೆ ಬಿಡಿಸಿ ಹೇಳುತ್ತಿದ್ದೆ.

ಆ ಊರಿನ ಹಾಸ್ಟೆಲ್ಲಿನಲ್ಲಿ ಮೂರು ತಿಂಗಳಿದ್ದರಂತೆ. ಎರಡನೇ ತಂಡದ ಬೆಂಚಿನ ಮೇಲೆ ಕೂರುವುದು, ಮೂಳೆ ಕೊರೆಯುವ ಚಳಿ, ಇವರ ಬೆಂಗಳೂರು ಉರ್ದುವಿಗೆ ನಗುವ ಹುಡುಗರು. ಒಂದು ರಾತ್ರಿ ಕಂಬಳಿಯೊಳಗೆ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತರಂತೆ. ಮರುದಿನ ಪೆಟ್ಟಿಗೆ ಕಟ್ಟಿದರು. ಹೊರಡುವಾಗ ತಾಯಿ ಇವರ ಬಲತೋಳಿಗೆ ಇಮಾಮ್ ಜಾಮಿನ್ ಕಟ್ಟಿ ಕಳಿಸಿದ್ದರು. ಪ್ರಯಾಣ ಹೊರಟವರಿಗೆ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ಕಟ್ಟುವುದು, ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಬಿಚ್ಚಿ ಬಡವರಿಗೆ ಕೊಡುವುದು ಅವರಲ್ಲಿ ಪದ್ಧತಿ. ತಲುಪಿದೆ ಎಂದು ಇವರಿಗೆ ಅನ್ನಿಸಲೇ ಇಲ್ಲ, ಕೊಡಲಿಲ್ಲ.

"ವಾಪಸ್ ಬರೋವಾಗ ಪ್ಲಾಟ್‌ಫಾರಂನಲ್ಲಿ ಆ ನಾಣ್ಯದಲ್ಲೇ ಟೀ ಕುಡ್ದೆ" ಎಂದರು. "ಊರಲ್ಲಿ ಏನಂತ ಹೇಳೋದು ಅಂತ ಎರಡು ದಿನ ಟ್ರೇನಲ್ಲಿ ಯೋಚ್ನೆ ಮಾಡ್ದೆ. ಬೆಂಗಳೂರಲ್ಲಿ ಇಳಿಯೋವಾಗ ಮೊದಲ್ನೇ ಸಲ ಕುಂಟಿದೆ. ನಮ್ಮ ಅಬ್ಬಾ ಓಡಿ ಬಂದು ಹೆಗಲು ಕೊಟ್ರು. ಸಾಣೆ ಸೈಕಲ್ಲು ಮಾರಾಟಕ್ಕಿಟ್ಟು ಆಪರೇಷನ್ ಮಾಡಿಸ್ತೀನಿ ಅಂದ್ರು. ನಾನೇ ಬೇಡ ಅಂದೆ."

"ಆಮೇಲೆ?" ಎಂದ ಯೂಸೊ.

"ಕಾರ್ಖಾನೆ ಟೀಮಿನ ಸೆಕ್ರೆಟರಿ ಮನೇಗೇ ಬಂದ್ರು. ಜಾಗ ಇದೆ, ವಾಸಿ ಮಾಡ್ಕೊಂಡು ಬಾ ಅಂದ್ರು. ಎಷ್ಟು ದಿನಕ್ಕೆ ವಾಸಿಯಾಗ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ. ಬೇಗ ವಾಸಿಯಾದ್ರೆ ಸುಳ್ಳು ಅಂತ ತಿಳಿಯತ್ತೆ. ಒಂದು ವರ್ಷ ಕುಂಟಿದೆ. ಅಷ್ಟ್ರಲ್ಲಿ ಆ ಜಾಗಕ್ಕೆ ಬೇರೆ ಹುಡುಗ ಬಂದು, ನನಗಿಂತ ಚೆನ್ನಾಗಿ ಆಡ್ತಿದ್ದ." ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ವಾಪಸ್ ಬಂದಿದ್ದು ತಪ್ಪಲ್ಲಪ್ಪ. ಊರು ನೆನಪಾಯ್ತು, ಬಂದೆ ಅಂದಿದ್ರೆ ನಾಲ್ಕು ದಿನ ನಗ್ತಿದ್ರು, ಐದನೇ ದಿನ ಕರೆದು ಆಡಿಸ್ತಿದ್ರು. ನಾನು ಆ ನಾಲ್ಕು ದಿನಕ್ಕೆ ಹೆದರ್ದೆ. ನಲವತ್ತು ವರ್ಷ ಕುಂಟಿದೆ."

ನಾನೇ ಇದನ್ನು ಹುಡುಗನಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಮಾರ್ಗನ್ ಹಿಲ್ಲಿನಲ್ಲಿ ಇವನ ಕಿವಿಗೆ ಆ ತತ್ವ ಊದಿದವನು ನಾನಲ್ಲವೇ! ಯೂಸೊ ಮಡಚಿದ ಪ್ಯಾಂಟನ್ನು ಕೆಳಗಿಳಿಸಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ದೊಡ್ಡ ಆಳು, ಸಣ್ಣ ಮಗುವಿನಂತೆ ಅತ್ತ. "ನನಗೆ ಮನೆಗೆ ಹೋಗಬೇಕು" ಎಂದ. ಮೂರು ತಿಂಗಳಲ್ಲಿ ಅವನು ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಆಗಲೇ.

ಭಾಭಿ ಇನ್ನೂ ನೆಲದ ಮೇಲೆಯೇ ಕೂತಿದ್ದರು, ಬೆರಳಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಮೂವತ್ತೈದು ವರ್ಷ" ಎಂದರು. "ಮೂವತ್ತೈದು ಚಳಿಗಾಲ ನಾ ಈ ಕೈಲೆ ಎಣ್ಣಿ ತಿಕ್ಕೀನಿ. ಬ್ಯಾನಿ ನುಂಗಿ ನಮಾಜ್ ಮಾಡ್ತಾರ ನನ್ನ ಗಂಡ ಅಂತ ಮಂದಿ ಮುಂದೆಲ್ಲ ಹೇಳ್ಕೋತ ಬಂದೀನಿ. ದುವಾ ಮಾಡೀನಿ ಆ ಮಣಕಾಲಿಗೆ. ನೀವು ಕಾಲು ಚಾಚಿ ಕುಂತು ತಿಕ್ಕಿಸ್ಕೊಂಡ್ರಿ."

"ಮೊದಲ್ನೇ ವರ್ಷವೇ ಹೇಳ್ಬೇಕಿತ್ತು. ಮದುವೆ ಹೊಸದು, ನೀನು ಅಷ್ಟು ಪ್ರೀತಿಯಿಂದ…"

"ಸಾಕ್ರಿ." ಭಾಭಿ ಎದ್ದು, ಎರಡೂ ಬಟ್ಟಲಿನ ಎಣ್ಣೆಯನ್ನು ಸಿಂಕಿಗೆ ಸುರಿದು ಕೋಣೆಯ ಬಾಗಿಲು ಹಾಕಿಕೊಂಡರು. ನಾನು ಟೀ ಕುಡಿಯದೆ ಮನೆಗೆ ಬಂದೆ.

ಹೆಂಡತಿ ರಮಾಗೆ ಹೇಳಿದರೆ ಅವಳು ಎಲ್ಲ ಕೇಳಿ, "ಅಂದ್ರೆ ಹನ್ನೊಂದು ವರ್ಷ ನಿಮ್ಮನ್ನ ಪುಕ್ಕಟೆ ಡ್ರೈವರ್ ಮಾಡ್ಕೊಂಡಿದ್ರಾ?" ಎಂದಳು. ಅಲ್ಲಿಯವರೆಗೂ ನನಗೆ ಅದು ಹೊಳೆದೇ ಇರಲಿಲ್ಲ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ, ಆದರೆ ಬೇರೆ ಕಾರಣಕ್ಕೆ.

ಗುರುವಾರ ಯೂಸೊ ಡಾಕ್ಟರ ಹತ್ತಿರ ಹೋಗಲಿಲ್ಲ. ನೇರ ಕೋಚಿನ ಬಳಿ ಹೋಗಿ, ಮಂಡಿ ಚೆನ್ನಾಗಿದೆ, ನಾನು ಸುಳ್ಳು ಹೇಳಿದೆ, ನನಗೆ ಊರು ನೆನಪಾಗುತ್ತದೆ, ಅಲ್ಲಿ ಆಡುತ್ತೇನೆ ಎಂದ. ಕೋಚು, ತಾನೂ ಅವನ ವಯಸ್ಸಿನಲ್ಲಿ ಒಂದು ಸಲ ಪೆಟ್ಟಿಗೆ ಕಟ್ಟಿದ್ದೆ ಎಂದರಂತೆ. ಮತ್ತೆ ಕರೆಯುತ್ತೇವೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಶುಕ್ರವಾರ ಕಾಗದಪತ್ರ ಮುಗಿಯಿತು, ಭಾನುವಾರಕ್ಕೆ ವಿಮಾನ.

ಭಾನುವಾರ ಬೆಳಿಗ್ಗೆ ನಾನು ಅವರ ಮನೆ ಮುಂದೆ ಕಾರು ನಿಲ್ಲಿಸಿದರೆ ವಾಹಿದ್ ಭಾಯಿ ಕಿಟಕಿಗೆ ಬಂದು ಕೈಚಾಚಿದರು. "ಇವತ್ತು ನಾನು ಓಡಿಸ್ತೀನಿ. ಕೀ ಕೊಡಿ ಗಿರಿಯವ್ರೇ" ಎಂದರು. ನಾನು ಇಳಿದು ಪಕ್ಕಕ್ಕೆ ಹೋದೆ. ಭಾಭಿ ಹಿಂದಿನ ಸೀಟಿನಲ್ಲಿ ಹುಡುಗನ ಪಕ್ಕ ಕೂತಿದ್ದರು. ಬುಧವಾರದಿಂದ ಅವರು ಗಂಡನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದರಂತೆ, ಒಂದು ಮಾತೂ ಆಡಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನವರೆಗೆ ಒಂದೂವರೆ ಗಂಟೆ ವಾಹಿದ್ ಭಾಯಿಯ ಡ್ರೈವಿಂಗಿನಲ್ಲಿ ನಾನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಹನ್ನೊಂದು ವರ್ಷ ನಾನು ಓಡಿಸಿದ್ದೇ ಒಳ್ಳೆಯದಾಯಿತು ಎನ್ನಿಸಿತು.

ಸೆಕ್ಯುರಿಟಿಯ ಸಾಲು ಶುರುವಾಗುವಲ್ಲಿ ಭಾಭಿ ಹುಡುಗನನ್ನು ನಿಲ್ಲಿಸಿ, ಪರ್ಸಿನಿಂದ ಹಸಿರು ಬಟ್ಟೆಯ ಗಂಟು ತೆಗೆದರು. ಅವನ ತೋಳು ಅವರಿಗೆ ಎಟುಕಲಿಲ್ಲ. ಅವನೇ ಮಂಡಿಯೂರಿ ಬಗ್ಗಿದ. ಬಲತೋಳಿಗೆ ಬಿಗಿಯಾಗಿ ಕಟ್ಟುತ್ತ, "ಮುಟ್ಟಿದ ಮ್ಯಾಲೆ ಬಿಚ್ಚಿ ಇಲ್ಲದವ್ರಿಗೆ ಕೊಡು, ಮಗಾ" ಎಂದರು. ಆಮೇಲೆ ಗಂಡನ ಕಡೆ ನೋಡದೆ, ಅವರಿಗೆ ಕೇಳುವ ಹಾಗೆ, "ಚಾ ಕುಡೀಬ್ಯಾಡ" ಎಂದರು. ಯೂಸೊ ತಲೆಯಾಡಿಸಿ ಅವರನ್ನು ತಬ್ಬಿಕೊಂಡ. ವಾಹಿದ್ ಭಾಯಿ ಕೊಟ್ಟದ್ದು ಒಂದು ಸಾಣೆಕಲ್ಲು, ಸಾಣೆಯಾದ ಮೇಲೆ ಅಂಚಿನಲ್ಲುಳಿಯುವ ಮುಳ್ಳು ತೆಗೆಯುವಂಥದ್ದು, ಅಂಗೈಯಗಲ. ಅಪ್ಪನ ಕಾಲದ್ದು ಎಂದು ಆಮೇಲೆ ತಿಳಿಯಿತು.

ಹುಡುಗ ಹೋದ. ಊರು ನಾಲ್ಕು ದಿನ ನಕ್ಕಿತೋ ಇಲ್ಲವೋ, ಮೂರನೆಯ ದಿನವೇ ಅವನ ಸಂದೇಶ ಬಂತು. ನಾಣ್ಯವನ್ನು ಅಲ್ಲಿನ ರಿಂಕಿನ ಬಾಗಿಲಲ್ಲಿದ್ದ ದಾನದ ಡಬ್ಬಿಗೆ ಹಾಕಿದೆ ಎಂದು ಚಿತ್ರ ಕಳಿಸಿದ್ದ.

ಇಲ್ಲಿ ನಮ್ಮ ಬೀದಿಯಲ್ಲಿ ವಾಹಿದ್ ಭಾಯಿ ಇನ್ನೂ ಕುಂಟುತ್ತಲೇ ಇದ್ದರು. ನಾನು ಸಿಟ್ಟಿನಲ್ಲೇ ಕೇಳಿದೆ. "ಎಲ್ಲ ಹೇಳಿಯಾಯ್ತಲ್ಲ ಮಾರಾಯ್ರೇ, ಇನ್ನೂ ಯಾಕೆ ಈ ನಾಟಕ?"

"ನೆಟ್ಟಗೆ ನಡೆಯೋಕೆ ಬರ್ತಿಲ್ಲ" ಎಂದರು. ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಡಾಕ್ಟರರ ಕಾಗದ, ಡಿಸೆಂಬರಿನದು. ನಲವತ್ತು ವರ್ಷ ಮೈಭಾರವೆಲ್ಲ ಎಡಗಾಲಿನ ಮೇಲೆ ಬಿದ್ದು ಎಡಮಂಡಿ ಪೂರ್ತಿ ಸವೆದುಹೋಗಿದೆ, ನೋವಿಗೆ ಮಾತ್ರೆ ಬರೆದಿದ್ದಾರೆ. ಬ್ಲೇಡಿನ ಅಂಚು ಓದುವ ಮನುಷ್ಯ ತನ್ನ ಕಾಲನ್ನು ಓದಿಕೊಳ್ಳಲಿಲ್ಲ. "ಇಸ್ಮತ್‌ಗೆ ಹೇಳ್ಬೇಡಿ. ನಂಬಲ್ಲ. ನಂಬ್ಲೂಬಾರ್ದು" ಎಂದರು. ನಾನು ಕಾಗದ ಮಡಚಿ ಅವರ ಕೈಗೆ ಕೊಟ್ಟು ಕಾರು ಹೊರಡಿಸಿದೆ.

ಫೆಬ್ರವರಿಯ ಒಂದು ಶನಿವಾರ ಯೂಸೊನ ಪಂದ್ಯ. ಅಲ್ಲಿ ಸಂಜೆ, ಇಲ್ಲಿ ಬೆಳಿಗ್ಗೆ ಏಳು. ವಾಹಿದ್ ಭಾಯಿಯ ಮನೆಯ ಟೀವಿಗೆ ಶಾರೀಕ್ ಅದೇನೋ ಸಿಕ್ಕಿಸಿ ಫಿನ್ಲೆಂಡಿನ ಚಾನಲ್ ಬರುವ ಹಾಗೆ ಮಾಡಿಕೊಟ್ಟಿದ್ದ. ಕಾಮೆಂಟರಿ ಒಂದಕ್ಷರ ತಿಳಿಯದು. ಮಧ್ಯೆ ಒಮ್ಮೆ ನಮ್ಮ ಹುಡುಗ ಬೇಲಿ ಹಾರಿ ಹಿಮಕ್ಕೆ ಇಳಿದ. ಬಲಗಾಲಿನಿಂದ ಒತ್ತಿ ನೂಕಿಕೊಂಡು ಹೊರಟ ಅವನ ವೇಗಕ್ಕೆ ನಾನೇ ಕೂಗಿದೆ. ವಾಹಿದ್ ಭಾಯಿ "ನೋಡಿ, ಆ ಅಂಚು ನೋಡಿ!" ಎನ್ನುತ್ತ ದಡಕ್ಕನೆ ಎದ್ದರು. ಎದ್ದವರು ಹಾಗೆಯೇ "ಯಾ ಅಲ್ಲಾ" ಎಂದು ಸೋಫಾದ ಮೇಲೆ ಕುಸಿದರು. ಎರಡೂ ಕೈ ಎಡಮಂಡಿಯ ಮೇಲಿತ್ತು. ಮುಖ ಬಿಳಿಚಿಕೊಂಡು ಬೆವರಿತ್ತು. ಮರುಕ್ಷಣವೇ ಕೈಗಳನ್ನು ತೆಗೆದು, ಏನೂ ಆಗದವರಂತೆ ಟೀವಿ ನೋಡತೊಡಗಿದರು.

ಅಡುಗೆಮನೆಯ ಬಾಗಿಲಲ್ಲಿ ಭಾಭಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ಗೊತ್ತಿಲ್ಲ. ತಿಂಗಳಾಯಿತು, ಅವರು ಗಂಡನೊಂದಿಗೆ ಬೇಕು ಬೇಡ ಎನ್ನುವ ಎರಡು ಮಾತು ಬಿಟ್ಟರೆ ಆಡಿರಲಿಲ್ಲ, ಒಲೆಯ ಮೇಲೆ ಎಣ್ಣೆ ಇಟ್ಟಿರಲಿಲ್ಲ. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿತು, ಆಮೇಲೆ ವಾಸನೆ ಬಂತು. ವಾಹಿದ್ ಭಾಯಿ ಟೀವಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಆದರೆ ಪಂದ್ಯ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಭಾಭಿ ಬಟ್ಟಲು ಹಿಡಿದು ಬಂದು ಗಂಡನೆದುರು ನೆಲದ ಮೇಲೆ ಕೂತರು. ಎಣ್ಣೆಗೆ ಬೆರಳದ್ದಿದರು, ಆದರೆ ಹಚ್ಚಲಿಲ್ಲ.

"ಯಾವ ಕಾಲು?" ಎಂದು ಕೇಳಿದರು. "ಈ ಸಲ ಖರೇ ಹೇಳ್ರಿ."

ವಾಹಿದ್ ಭಾಯಿ ಎಡಗಾಲು ಚಾಚಿದರು.